ದಾನಚಿಂತಾಮಣಿಯ ಅಕ್ಷಯ ನಿಧಿ

ಗದಗ: ಒಮ್ಮೆ ತೊಡಗಿಸಿದ ಹಣ ಚಕ್ರಬಡ್ಡಿಯಲ್ಲಿ ಶತಮಾನಗಳ ಕಾಲ ಬೆಳೆಯುತ್ತಲೇ ಇರಬಲ್ಲದೇ? ಗದಗಿನಿಂದ ಸುಮಾರು 12 ಕಿ.ಮೀ. ದೂರದ ಲಕ್ಕುಂಡಿಯಲ್ಲಿ, ಸಾವಿರ ವರ್ಷಗಳ ಹಿಂದೆ ತನ್ನ ಸಂಪತ್ತನ್ನೆಲ್ಲ ಮುಂದಿನ ತಲೆಮಾರುಗಳಿಗಾಗಿ ವ್ಯಯಿಸಿದ ಅತ್ತಿಮಬ್ಬೆಯ ಬದುಕು ಈ ಪ್ರಶ್ನೆಗೆ ಒಂದು ಉತ್ತರ ನೀಡುತ್ತದೆ.

ಅತ್ತಿಮಬ್ಬೆ ಕಲ್ಯಾಣ ಚಾಲುಕ್ಯರ ಕಾಲದ ಪ್ರತಿಷ್ಠಿತ ಜೈನ ಮನೆತನದ ಮಲ್ಲಪಯ್ಯನ ಮಗಳು. ಇಮ್ಮಡಿ ತೈಲಪನ ಆಸ್ಥಾನದ ದಲ್ಲಪನ ಮಗ ನಾಗದೇವ ಆಕೆಯ ಪತಿ. ನಾಗದೇವ ಅಕಾಲದಲ್ಲಿ ಮಡಿದಾಗ ಸವತಿಯೂ ತಂಗಿಯೂ ಆದ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಬದುಕುಳಿದು ಮಗ ಅಣ್ಣಿಗದೇವನನ್ನು ಬೆಳೆಸಿದಳು. ಆಕೆಯ ಆಶ್ರಯದಲ್ಲಿ ರನ್ನ ಕವಿ 993ರಲ್ಲಿ ಅಜಿತಪುರಾಣ ರಚಿಸಿದ. 1007ರಲ್ಲಿ ಆಕೆ ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದಳು.

ಆ ಕಾಲದಲ್ಲಿ ದೇಗುಲ, ಬಸದಿಗಳ ನಂದಾದೀಪಕ್ಕಾಗಿ ಮಹಾಜನರ ಇಲ್ಲವೇ ವರ್ತಕ ಸಂಘಗಳ ಬಳಿ ಹೊನ್ನನ್ನು ಇಡುವ ಪದ್ಧತಿ ಇತ್ತು. ಅಸಲು ಮುಟ್ಟದೆ ಬಡ್ಡಿಯನ್ನಷ್ಟೇ ವ್ಯಯಿಸಬೇಕು, ದತ್ತಿ ಸೂರ್ಯಚಂದ್ರರಿರುವವರೆಗೆ ನಡೆಯಬೇಕು ಎಂಬುದು ಶಾಸನಗಳ ಆಶಯ. ಕೆಡಿಸಿದವರಿಗೆ ಶಾಪವೂ ಇರುತ್ತಿತ್ತು.

ಲೆಕ್ಕ ಹಾಕಿದರೆ ಅಚ್ಚರಿಯಾಗುತ್ತದೆ. ಅಂದಿನ ಒಂದು ಗದ್ಯಾಣ ಶೇ 2ರ ಚಕ್ರಬಡ್ಡಿಯಲ್ಲಿ ಸಾವಿರ ವರ್ಷ ಬೆಳೆದಿದ್ದರೆ ಸುಮಾರು 40 ಕೋಟಿ ಗದ್ಯಾಣ ಆಗಬೇಕಿತ್ತು. ಅಂತಹ ಹೊನ್ನಿನ ರಾಶಿ ಎಲ್ಲಿಯೂ ಇಲ್ಲ. ಬಡ್ಡಿ ದೀಪದ ಎಣ್ಣೆಗೆ ವರ್ಷ ವರ್ಷ ಖರ್ಚಾಗುತ್ತಿತ್ತು, ಅಸಲು ಬೆಳೆಯುತ್ತಿರಲಿಲ್ಲ. ಅದಕ್ಕಿಂತ ಮಿಗಿಲಾಗಿ, ಅಸಲನ್ನು ಕಾಯುವವರೇ ಉಳಿಯಲಿಲ್ಲ. 12ನೇ ಶತಮಾನದ ಕೊನೆಗೆ ಚಾಲುಕ್ಯರು ಅಳಿದರು. 1192ರ ಸುಮಾರಿಗೆ ಲಕ್ಕುಂಡಿ ಹೊಯ್ಸಳ ವೀರಬಲ್ಲಾಳನ ನೆಲೆವೀಡಾಯಿತು. ಬಳಿಕ ಸೇವುಣರು ಬಂದರು, ಅವರೂ ಹೋದರು. ಶಾಪವಾಕ್ಯಗಳು ಕಲ್ಲಿನಲ್ಲಿ ಉಳಿದವು, ಸಾಲಗಾರರು ಉಳಿಯಲಿಲ್ಲ.

ಅತ್ತಿಮಬ್ಬೆಯ ಇನ್ನೊಂದು ಹೂಡಿಕೆಯ ಕಥೆ ಬೇರೆ. ತನ್ನ ತಂದೆ ಮತ್ತು ಚಿಕ್ಕಪ್ಪ ಪೊನ್ನನಿಂದ ಬರೆಯಿಸಿದ್ದ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಮಾಡಿಸಿ ಆಕೆ ಹಂಚಿದಳೆಂದು ಪ್ರತೀತಿ. ಓಲೆಗರಿಯೂ ನಶ್ವರವೇ. ಪ್ರತಿ ತಲೆಮಾರಿನ ಲಿಪಿಕಾರ ಹಳೆಯ ಪ್ರತಿಯಿಂದ ಹೊಸ ಪ್ರತಿ ತೆಗೆಯದಿದ್ದರೆ ಕೃತಿ ಅಳಿಯುತ್ತಿತ್ತು. ಒಬ್ಬನ ಪ್ರತಿ ಹಾಳಾದರೂ ಇನ್ನೊಬ್ಬನ ಮನೆಯಲ್ಲಿ ಮತ್ತೊಂದು ಇರುತ್ತಿತ್ತು. ಶಾಂತಿಪುರಾಣ ಇಂದಿಗೂ ಓದಲು ಸಿಗುತ್ತದೆ.

ಬ್ರಹ್ಮಜಿನಾಲಯವನ್ನು ಈಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ರಕ್ಷಿಸುತ್ತಿದೆ. ಸಾಧಕ ಮಹಿಳೆಯರಿಗೆ ರಾಜ್ಯ ಸರ್ಕಾರ ನೀಡುವ ಪ್ರಶಸ್ತಿ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರಿನಲ್ಲಿದೆ. ಕಾಯುವ ಕೈಗಳು ಬದಲಾಗುತ್ತ ಬಂದುದರಿಂದಲೇ ಆಕೆಯ ದಾನ ಉಳಿದಿದೆ.