ದಿವಾಳಿಯಾಗಿಯೂ ಸಾಲ ತೀರಿಸಿದ ಮಾರ್ಕ್ ಟ್ವೇನ್



ನಮ್ಮ ಸಂಘದ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ದಿವಾಳಿ ಎದ್ದವರೊಬ್ಬರ ಕಥೆ ಯಾಕಪ್ಪಾ ಅಂತ ತಾವು ಕೇಳಬಹುದು. ಸಾಲ ಕೊಡುವುದು, ವಸೂಲು ಮಾಡುವುದು ನಮ್ಮ ಸಂಘದ ದಿನನಿತ್ಯದ ಕೆಲಸ. ಆದರೆ ಸಾಲದಲ್ಲಿ ಮುಳುಗಿದ ಮನುಷ್ಯನ ಮನಸ್ಸಿನ ಬಗ್ಗೆ ನಾವು ಮಾತಾಡುವುದು ಕಡಿಮೆ. ಯಾರಾದರೂ ಪಾಪರ್ ಚೀಟಿ ತಗೊಂಡರು ಅಂದರೆ ಸಾಕು, ಆ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ, ಅಂಗಡಿಯಲ್ಲಿ ಉದ್ದರಿ ನಿಲ್ಲುತ್ತದೆ. ಆ ಅವಮಾನಕ್ಕೆ ಹೆದರಿ ರಾತ್ರೋರಾತ್ರಿ ಊರು ಬಿಟ್ಟವರಿದ್ದಾರೆ, ಜೀವವನ್ನೇ ಬಿಟ್ಟವರೂ ಇದ್ದಾರೆ. ಅದಕ್ಕೇ ಈ ಕಥೆ.

ಮಾರ್ಕ್ ಟ್ವೇನ್ ಅವರ ನಿಜವಾದ ಹೆಸರು ಸ್ಯಾಮ್ಯುಯೆಲ್ ಕ್ಲೆಮೆನ್ಸ್. 1835ರ ನವೆಂಬರ್ 30ರಂದು ಅಮೆರಿಕದ ಮಿಸೌರಿ ರಾಜ್ಯದ ಒಂದು ಸಣ್ಣ ಹಳ್ಳಿಯಲ್ಲಿ ಹುಟ್ಟಿದರು. ಬೆಳೆದದ್ದು ಮಿಸಿಸಿಪಿ ನದಿಯ ದಡದ ಹ್ಯಾನಿಬಲ್ ಊರಿನಲ್ಲಿ. ತಂದೆ ಇನ್ನೊಬ್ಬನ ಸಾಲಕ್ಕೆ ಹೊಣೆ ನಿಂತರು, ಆ ಮನುಷ್ಯ ದಿವಾಳಿ ಕಾನೂನಿನ ಮರೆಯಲ್ಲಿ ನುಣುಚಿಕೊಂಡ, ತಮ್ಮ ಮನೆ ಬರಿದಾಯಿತು ಎಂದು ಟ್ವೇನ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. 1847ರಲ್ಲಿ ತಂದೆ ತೀರಿಕೊಂಡಾಗ ಹುಡುಗನಿಗೆ 11 ವರ್ಷ. ಓದು ಅಲ್ಲಿಗೇ ಮೊಟಕಾಗಿ, ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದ. ಮುಂದೆ ನದಿಯಲ್ಲಿ ಹಡಗು ನಡೆಸುವುದನ್ನು ಕಲಿತ. ಮಾರ್ಕ್ ಟ್ವೇನ್ ಎಂಬುದು ಹಡಗಿನವರ ಕೂಗು. ನೀರು 12 ಅಡಿ ಆಳ ಇದೆ, ಹಡಗು ಹೋಗಬಹುದು ಎಂದು ಅದರ ಅರ್ಥ. ಆ ಹೆಸರಿನಲ್ಲೇ ಬರೆದು ಅವರು ಜಗತ್ಪ್ರಸಿದ್ಧರಾದರು. ಟಾಮ್ ಸಾಯರ್, ಹಕಲ್‌ಬೆರಿ ಫಿನ್ ಎಂಬ ತುಂಟ ಹುಡುಗರು ಅವರ ಲೇಖನಿಯಿಂದ ಹುಟ್ಟಿದವರೇ.

ಪುಸ್ತಕದಿಂದ ಕೈತುಂಬ ಹಣ ಬಂತು. ಶ್ರೀಮಂತರ ಮನೆಯ ಒಲಿವಿಯಾ ಅವರನ್ನು 1870ರಲ್ಲಿ ಮದುವೆಯಾದರು. ಹಾರ್ಟ್‌ಫರ್ಡ್ ನಗರದಲ್ಲಿ ಭಾರಿ ಮನೆ ಕಟ್ಟಿಸಿದರು. ಆದರೆ ಹಾಸಿಗೆ ಇದ್ದಷ್ಟು ಕಾಲು ಚಾಚುವ ಬುದ್ಧಿ ಮಾತ್ರ ಅವರಿಗೆ ಬರಲಿಲ್ಲ. ಮೊಳೆಗಳನ್ನು ತಾನೇ ಜೋಡಿಸುವ ಯಂತ್ರವೊಂದನ್ನು ಪೇಜ್ ಎಂಬಾತ ತಯಾರಿಸುತ್ತಿದ್ದ. ಅದರಲ್ಲಿ ಸುಮಾರು 18,000 ಬಿಡಿಭಾಗಗಳು. ಇವತ್ತು ಸರಿಹೋಗುತ್ತೆ, ನಾಳೆ ಸರಿಹೋಗುತ್ತೆ ಅಂತ ಹತ್ತು ಹನ್ನೆರಡು ವರ್ಷ ಅದಕ್ಕೆ ಲಕ್ಷಾಂತರ ಡಾಲರ್ ಸುರಿದರು. ಅಷ್ಟರಲ್ಲಿ ಲೈನೋಟೈಪ್ ಎಂಬ ಬೇರೆ ಯಂತ್ರ ಬಂದು ಮಾರುಕಟ್ಟೆ ಹಿಡಿಯಿತು. ಅವರದೇ ಪಾಲುಗಾರಿಕೆಯ ಪ್ರಕಾಶನ ಸಂಸ್ಥೆ ಮೊದಲು ಚೆನ್ನಾಗಿ ನಡೆದು, ಆಮೇಲೆ ಅದೂ ಕುಸಿಯಿತು. 1893ರಲ್ಲಿ ಅಮೆರಿಕದಲ್ಲಿ ಬ್ಯಾಂಕುಗಳೇ ಮುಳುಗತೊಡಗಿದಾಗ ಕೈಗಡ ಹುಟ್ಟುವುದೂ ಕಷ್ಟವಾಯಿತು.

1894ರ ಏಪ್ರಿಲ್ 18ರಂದು ಪ್ರಕಾಶನ ಸಂಸ್ಥೆ ದಿವಾಳಿಯಾಯಿತು. ಸುಮಾರು ನೂರು ಮಂದಿಗೆ ಸುಮಾರು 1 ಲಕ್ಷ ಡಾಲರ್ ಸಾಲ ಕೊಡಬೇಕಿತ್ತು. ಪಾಲುಗಾರರಾಗಿದ್ದರಿಂದ ಹೊಣೆ ಅವರ ತಲೆಯ ಮೇಲೇ ಬಂತು. ಈ ಹೊತ್ತಿನಲ್ಲಿ ನೆರವಾದವರು ಹೆನ್ರಿ ರೋಜರ್ಸ್ ಎಂಬ ದೊಡ್ಡ ಎಣ್ಣೆ ವ್ಯಾಪಾರಿ. ಲೆಕ್ಕಪತ್ರವೆಲ್ಲ ಅವರ ಮುಂದೆ ಹರಡಿದರು, ಏನನ್ನೂ ಮುಚ್ಚಿಡಲಿಲ್ಲ. ಸಂಸ್ಥೆಗೆ ಒಲಿವಿಯಾ ಅವರೂ ತಮ್ಮ ಹಣ ಸಾಲ ಕೊಟ್ಟಿದ್ದರು. ಅದನ್ನು ಮುಂದಿಟ್ಟು, ಪುಸ್ತಕಗಳ ಹಕ್ಕು ಆಕೆಯ ಹೆಸರಿಗೇ ಹೋಗುವಂತೆ ರೋಜರ್ಸ್ ಏರ್ಪಾಡು ಮಾಡಿದರು. ಸಾಲ ಕೊಟ್ಟವರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ಆದರೆ ಬರೆಯುವವನಿಗೆ ಪುಸ್ತಕದ ಹಕ್ಕು ಎಂದರೆ ರೈತನಿಗೆ ಎತ್ತು ನೇಗಿಲು ಇದ್ದ ಹಾಗೆ. ಅದನ್ನೂ ಹರಾಜು ಹಾಕಿದ್ದರೆ ಸಾಲ ತೀರುವ ದಾರಿಯೇ ಇರುತ್ತಿರಲಿಲ್ಲ.

ಕೈಲಿದ್ದಷ್ಟು ಕೊಟ್ಟು ಲೆಕ್ಕ ಚುಕ್ತಾ ಮಾಡಿಕೊಳ್ಳಲು ಕಾನೂನಿನಲ್ಲಿ ದಾರಿ ಇತ್ತು. ಆದರೆ ಗಂಡ ಹೆಂಡತಿ ಇಬ್ಬರೂ ಸೇರಿ ಪೂರ್ತಿ ಸಾಲ ತೀರಿಸುವುದೆಂದು ತೀರ್ಮಾನಿಸಿದರು. ತಂದೆಯ ಮನೆ ಬರಿದಾದದ್ದನ್ನು ಬಾಲ್ಯದಲ್ಲೇ ಕಂಡವರಿಗೆ ಇನ್ನೊಬ್ಬರ ಹಣದ ನೋವು ಗೊತ್ತಿರದೆ ಇರುತ್ತದೆಯೇ?

1895ರ ಜುಲೈನಲ್ಲಿ ಭಾಷಣ ಮಾಡಿ ಸಂಪಾದಿಸಲು ಲೋಕಸಂಚಾರ ಹೊರಟರು. ಆಗ 59 ವರ್ಷ. ಕಾಲಿನಲ್ಲಿ ಕುರು ಎದ್ದು ವಾರಗಟ್ಟಲೆ ಹಾಸಿಗೆ ಹಿಡಿದು ಆಗಷ್ಟೇ ಎದ್ದಿದ್ದರು. ಜೊತೆಗೆ ಹೆಂಡತಿ ಮತ್ತು ಮಗಳು ಕ್ಲಾರಾ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಸಿಲೋನ್ ಮುಗಿಸಿ 1896ರ ಜನವರಿಯಲ್ಲಿ ಮುಂಬಯಿಗೆ ಬಂದರು. ಕೆಮ್ಮಿನಿಂದ ನರಳುತ್ತಲೇ ಪುಣೆ, ಬರೋಡ, ಕಲ್ಕತ್ತ, ಲಾಹೋರ್ ಎಂದು ರೈಲಿನಲ್ಲಿ ಸುತ್ತಿ ಜನರನ್ನು ನಗಿಸಿದರು. ಅಲ್ಲಿಂದ ದಕ್ಷಿಣ ಆಫ್ರಿಕಾಕ್ಕೆ ಹೋದರು. ಸಂಚಾರ ಮುಗಿದು ಇಂಗ್ಲೆಂಡಿನಲ್ಲಿದ್ದಾಗ, ಅಮೆರಿಕದಲ್ಲೇ ಉಳಿದಿದ್ದ ಹಿರಿಯ ಮಗಳು ಸೂಸಿ 24ನೇ ವಯಸ್ಸಿನಲ್ಲಿ ಮೆದುಳಿನ ಜ್ವರದಿಂದ ತೀರಿಹೋದಳು. ತಂದೆಗೆ ಮುಖ ನೋಡುವುದಕ್ಕೂ ಆಗಲಿಲ್ಲ. ಆ ದುಃಖ ನುಂಗಿಕೊಂಡೇ ಪ್ರವಾಸದ ಪುಸ್ತಕ ಬರೆದರು. ಅದು 1897ರಲ್ಲಿ ಬಂತು. 1898ರ ಆರಂಭದ ಹೊತ್ತಿಗೆ ಸಾಲ ಪೂರ್ತಿ ತೀರಿತು. 1910ರ ಏಪ್ರಿಲ್ 21ರಂದು ಅವರು ತೀರಿಕೊಂಡಾಗ ಋಣಮುಕ್ತರು.

ಬಂಧುಗಳೇ, ಎಲ್ಲರೂ ಮಾರ್ಕ್ ಟ್ವೇನ್ ಆಗಲಾರರು. ಎಲ್ಲರಿಗೂ ರೋಜರ್ಸ್ ಸಿಗುವುದಿಲ್ಲ. ಪೂರ್ತಿ ತೀರಿಸಲಾಗದವನು ಪಾಪಿಯೂ ಅಲ್ಲ. ದಿವಾಳಿ ಕಾನೂನು ಇರುವುದು ಮೋಸ ಮಾಡುವುದಕ್ಕಲ್ಲ, ಬಿದ್ದವನು ಏಳುವುದಕ್ಕೆ. ನಮ್ಮ ದೇಶದಲ್ಲೂ ಸಾಲಗಾರ ತಾನೇ ನ್ಯಾಯಾಲಯಕ್ಕೆ ಅರ್ಜಿ ಹಾಕಿಕೊಳ್ಳಲು 1920ರ ಕಾಯ್ದೆ ಅವಕಾಶ ಕೊಟ್ಟಿತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಂತೆ ಬೇಸಾಯಗಾರನ ಉಳುಮೆಯ ಸಲಕರಣೆ, ಜೀವನಕ್ಕೆ ಬೇಕಾದಷ್ಟು ದನ, ಬಿತ್ತನೆ ಬೀಜ ಇವುಗಳನ್ನು ನ್ಯಾಯಾಲಯದ ಡಿಕ್ರಿಗೂ ಜಪ್ತಿ ಮಾಡುವಂತಿಲ್ಲ. ಇದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ನಮ್ಮ ನಾಡಿನ ಮೊದಲ ಸಹಕಾರಿ ಪತ್ತಿನ ಸಂಘ ಹುಟ್ಟಿದ್ದೂ ರೈತನನ್ನು ಸಾಹುಕಾರನ ಬಡ್ಡಿಯಿಂದ ಬಿಡಿಸುವುದಕ್ಕಾಗಿಯೇ. ಕಂತು ತಪ್ಪಿದ ಸದಸ್ಯರು ಸಂಘದ ಕಾರ್ಯದರ್ಶಿಯನ್ನು ಕಂಡರೆ ಬೇರೆ ಬೀದಿ ಹಿಡಿಯಬೇಕಾಗಿಲ್ಲ. ಬಂದು ಕೂತು ಇದ್ದದ್ದು ಇದ್ದ ಹಾಗೆ ಲೆಕ್ಕ ಹೇಳಲಿ. ಆಡಳಿತ ಮಂಡಳಿಯೂ ನೋಟೀಸು ಕೊಡುವ ಮೊದಲು ಅವರ ಮಾತು ಕೇಳಲಿ. ಸಾಲ ಇವತ್ತಲ್ಲ ನಾಳೆ ತೀರುತ್ತದೆ. ಹೋದ ಜೀವ ಮತ್ತೆ ಬರುವುದಿಲ್ಲ.

ನಮ್ಮ ಸಂಘ ಹೀಗೆ ಕೈ ಹಿಡಿದು ಎತ್ತುವ ಸಂಘವಾಗಿಯೇ ಸುವರ್ಣ ಮಹೋತ್ಸವವನ್ನೂ ಕಾಣಲಿ ಎಂದು ಹಾರೈಸುತ್ತೇನೆ.