ಕೋಣೆಗಳನ್ನು ನೋಡಿ ಕಲಿತವನು: ವಿಲಿಯಂ ಮಾರಿಸ್

ಊರು ಬಿಟ್ಟು ಮುಂಬಯಿಗೆ ಬಂದ ನಮಗೆ ಮನೆಯೆಂದರೆ ಮೊದಲು ಒಂದು ಖೋಲಿ. ಕಾಲ ಕೂಡಿಬಂದರೆ ಎರಡು. ಅದರಲ್ಲಿಯೇ ದೇವರ ಗೂಡು, ಮಕ್ಕಳ ಪುಸ್ತಕ, ಊರಿನಿಂದ ಬಂದ ನಂಟರ ಹಾಸಿಗೆ. ಯಾರದಾದರೂ ಅಚ್ಚುಕಟ್ಟಾದ ದಿವಾನಖಾನೆಯನ್ನು ಕಂಡು ಬಂದೆವೆಂದರೆ ಮುಂದಿನ ಸಂಬಳಕ್ಕೆ ಅಲ್ಲಿದ್ದಂಥದೇ ಸೋಫಾ ಕೊಳ್ಳುತ್ತೇವೆ. ಸೋಫಾ ಬರುತ್ತದೆ, ಆ ಕೋಣೆಯ ಅಂದ ಮಾತ್ರ ಬರುವುದಿಲ್ಲ. ಹಾಗಾದಾಗಲೆಲ್ಲ ನಮಗೆ ನೆನಪಾಗುವವನು ಆಂಗ್ಲ ಕವಿಯೂ ಕುಶಲಕರ್ಮಿಯೂ ಆಗಿದ್ದ ವಿಲಿಯಂ ಮಾರಿಸ್. ಬೇರೆಯವರ ಕೋಣೆಗಳಿಂದ ಏನನ್ನು ತರಬೇಕು, ಏನನ್ನು ಅಲ್ಲಿಯೇ ಬಿಟ್ಟು ಬರಬೇಕು ಎಂಬುದನ್ನು ಆತನು ಬಲ್ಲವನಾಗಿದ್ದನು.

ಮಾರಿಸನು ಹುಟ್ಟಿದ್ದು 1834ರ ಮಾರ್ಚ್ 24ರಂದು, ಆಗ ಲಂಡನ್ನಿನ ಹೊರಗಿನ ಹಳ್ಳಿಯಾಗಿದ್ದ ವಾಲ್ತಮ್‌ಸ್ಟೋದಲ್ಲಿ. ತಾಮ್ರದ ಗಣಿಯ ಷೇರುಗಳಿಂದ ಮನೆಯಲ್ಲಿ ಸಿರಿತನವಿತ್ತು. ಹತ್ತಿರದ ಎಪಿಂಗ್ ಕಾಡಿನಲ್ಲಿ ಎಲಿಜಬೆತ್ ರಾಣಿಯ ಹೆಸರಿನ ಹಳೆಯ ಬೇಟೆಮನೆಯೊಂದಿದೆ. ಅದರ ಒಂದು ಕೋಣೆಯಲ್ಲಿ ಎಲೆಬಳ್ಳಿಗಳನ್ನು ನೇಯ್ದ, ಬಣ್ಣ ಮಾಸಿದ ಗೋಡೆಪರದೆ ತೂಗುತ್ತಿತ್ತು. ಹುಡುಗನಾಗಿದ್ದಾಗ ಅದನ್ನು ಕಂಡು ಬೆರಗಾದವನು ನಲವತ್ತು ದಾಟಿದ ಮೇಲೂ ಉಪನ್ಯಾಸವೊಂದರಲ್ಲಿ ಆ ಕೋಣೆಯನ್ನು ನೆನೆದನು.

1853ರಲ್ಲಿ ಆಕ್ಸ್‌ಫರ್ಡಿಗೆ ಹೋದದ್ದು ಪಾದ್ರಿಯಾಗಲೆಂದು. ಅಲ್ಲಿ ಬರ್ನ್‌ಜೋನ್ಸನ ಗೆಳೆತನವಾಯಿತು, ಪಾದ್ರಿತನ ದೂರವಾಯಿತು. 1856ರಲ್ಲಿ ಇಬ್ಬರೂ ಲಂಡನ್ನಿನ ರೆಡ್ ಲಯನ್ ಸ್ಕ್ವೇರಿನಲ್ಲಿ ಬಾಡಿಗೆಗೆ ಕೋಣೆ ಹಿಡಿದರು. ಅಂಗಡಿಯ ಪೀಠೋಪಕರಣ ಒಂದೂ ಮನಸ್ಸಿಗೆ ಬಾರದೆ ಮಾರಿಸನು ತಾನೇ ನಕ್ಷೆ ಬರೆದು ಬಡಗಿಯಿಂದ ಮಾಡಿಸಿದನು. ಬಂದ ದೊಡ್ಡ ಬೆಂಚಿನ ಮರದ ದಿಮ್ಮಿಗಳಿಂದ ಮೆಟ್ಟಿಲು, ಹಾದಿಯೆಲ್ಲ ತುಂಬಿಹೋದವು! ಅಳತೆ ತೆಗೆಯದೆ ಕಪಾಟು ಮಾಡಿಸಿ ಚಾಳಿನ ಮೆಟ್ಟಿಲಲ್ಲಿ ಸಿಕ್ಕಿಸಿಕೊಂಡ ನಮ್ಮವರಿಗೆ ಇದೊಂದು ಸಮಾಧಾನ.

1859ರಲ್ಲಿ ಆಕ್ಸ್‌ಫರ್ಡಿನ ಲಾಯದ ಕೆಲಸಗಾರನ ಮಗಳು ಜೇನ್ ಬರ್ಡನ್ನಳೊಡನೆ ಮದುವೆ. ಮರುವರ್ಷ, ಗೆಳೆಯ ಫಿಲಿಪ್ ವೆಬ್ ಕಟ್ಟಿಕೊಟ್ಟ ಕೆಂಪು ಇಟ್ಟಿಗೆಯ ಮನೆಗೆ, 'ರೆಡ್ ಹೌಸ್'ಗೆ, ಸಂಸಾರ ಬಂದಿತು. ಭಾನುವಾರ ಬಂದ ನಂಟರಿಗೆ ನಾವು ಕಾಫಿ ಕೊಡುವಂತೆ ಇವರು ಕುಂಚ ಕೊಡುತ್ತಿದ್ದರೋ ಏನೋ, ಗೆಳೆಯರೆಲ್ಲ ಸೇರಿ ಗೋಡೆಗಳಿಗೆ ಚಿತ್ರ ಬರೆದರು.

ಆ ಮನೆಯ ಒಂದು ಪರದೆಯ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಫ್ರ್ವಾಸಾರ್ ಎಂಬ ಚರಿತ್ರಕಾರನ ಗ್ರಂಥದ ಹಸ್ತಪ್ರತಿ ಇತ್ತು. ಅದರ ಚಿತ್ರವೊಂದರಲ್ಲಿ ಅರಸನ ಸಭಾಂಗಣ; ಹಿಂದಿನ ಗೋಡೆಗೆ ಗುಂಪುಗುಂಪಾಗಿ ಹೂಗಿಡಗಳಿರುವ ಪರದೆ. ಮಾರಿಸನ ಕಣ್ಣು ಅರಸನ ವೈಭವವನ್ನು ಬಿಟ್ಟು ಆ ಪರದೆಯ ಮೇಲೆ ನಿಂತಿತು. ಜೇನಳು ಲಂಡನ್ನಿನ ಅಂಗಡಿಯೊಂದರಲ್ಲಿ ನೀಲಿಬಣ್ಣದ ಒರಟು ಉಣ್ಣೆಬಟ್ಟೆಯನ್ನು ಕಂಡು ತಂದಳು. ಅದರ ಮೇಲೆ ಆತನು ಡೇಸಿ ಹೂಗಳನ್ನು ಬಿಡಿಬಿಡಿಯಾಗಿ ಬರೆದುಕೊಟ್ಟನು, ಮನೆಯವರು ದಪ್ಪ ಉಣ್ಣೆದಾರದಿಂದ ಕಸೂತಿ ಹಾಕಿದರು. ಅರಮನೆಯಿಂದ ಬಂದದ್ದು ಹೂವಿನ ಜೋಡಣೆಯೊಂದೇ. ಬಟ್ಟೆ ಬಡವರದು, ಕೈ ಮನೆಯವರದು. ಆ ಪರದೆ ಇಂದಿಗೂ ಉಳಿದಿದೆ.

ಈ ಆಟವೇ 1861ರಲ್ಲಿ ವ್ಯಾಪಾರವಾಯಿತು. ಗೆಳೆಯರು ಕೂಡಿ ಸ್ಥಾಪಿಸಿದ ಕಂಪನಿ ಬಣ್ಣದ ಗಾಜು, ಮೇಜು ಕುರ್ಚಿ, ಗೋಡೆಕಾಗದಗಳನ್ನು ಮಾಡತೊಡಗಿತು. ಕೆಲಸ ಲಂಡನ್ನಿನಲ್ಲಿ, ಮನೆ ದೂರದಲ್ಲಿ, ಖರ್ಚು ತಲೆಯ ಮೇಲೆ. 1865ರಲ್ಲಿ ರೆಡ್ ಹೌಸನ್ನು ಬಿಟ್ಟು ಬಂದವನು ಮತ್ತೆ ಅದನ್ನು ಕಣ್ಣಿಂದ ನೋಡಲಿಲ್ಲವೆಂದು ಚರಿತ್ರೆ ಬರೆದವರು ಹೇಳುತ್ತಾರೆ. ಊರಿನ ಮನೆ ಮಾರಿದವರು ಆ ಬೀದಿಗೆ ಕಾಲಿಡದಿರುವ ಕಾರಣ ನಮಗೆ ತಿಳಿಯದ್ದೇನೂ ಅಲ್ಲ.

ಮರುವರ್ಷ ಕಂಪನಿಗೆ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಮ್ಮಿನ ಊಟದ ಕೋಣೆಯ ಕೆಲಸ ಬಂದಿತು. ಹಸಿರು ಗೋಡೆಯ ಆ ಕೋಣೆಯನ್ನು ಇಂದು ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ನೋಡಬಹುದು. 1881ರಲ್ಲಿ ಮರ್ಟನ್ ಆಬಿಯಲ್ಲಿ ಕಾರ್ಖಾನೆ ತೆರೆದು, ನಮ್ಮ ನಾಡಿಗೆ ಚಿರಪರಿಚಿತವಾದ ನೀಲಿಯ ತೊಟ್ಟಿಯಲ್ಲಿ ಬಟ್ಟೆ ಅದ್ದಿಸಿದನು. ತೋಟದ ಸ್ಟ್ರಾಬೆರಿ ಕದಿಯುವ ಹಕ್ಕಿಗಳನ್ನು ಓಡಿಸದೆ 1883ರಲ್ಲಿ ಬಟ್ಟೆಯ ಮೇಲೆ ಅಚ್ಚು ಹಾಕಿದವನೂ ಈತನೇ.

ಗುಣದೊಡನೆ ದೋಷವನ್ನೂ ಹೇಳಬೇಕು. ಆತನ ಮೊದಲ ಗೋಡೆಕಾಗದಗಳ ಹಸಿರಿನಲ್ಲಿ ಪಾಷಾಣವಿತ್ತು. ಮನೆತನಕ್ಕೆ ಹಣ ತಂದ ತಾಮ್ರದ ಗಣಿಯೂ ಮುಂದೆ ಪಾಷಾಣದ ಗಣಿಯೇ ಆಯಿತು. 1875ರವರೆಗೆ ಆತನು ಅದರ ನಿರ್ದೇಶಕರಲ್ಲಿ ಒಬ್ಬನಾಗಿದ್ದನು. ಆ ಕಾಗದದಿಂದ ಜನರಿಗೆ ಕಾಯಿಲೆಯಾಗುವುದೆಂಬ ಮಾತನ್ನು ಆತನು ಹಗುರಾಗಿ ತಳ್ಳಿಹಾಕಿದ್ದು ನಮಗೆ ಒಪ್ಪಿಗೆಯಾಗುವುದಿಲ್ಲ.

ಮಾರಿಸನನ್ನು ಹೆಚ್ಚು ಕಾಡಿದ ನೋವು ಇನ್ನೊಂದು. ಕೈಯಿಂದ ಚೆನ್ನಾಗಿ ಮಾಡಿದ ವಸ್ತುವಿಗೆ ಬೆಲೆ ಹೆಚ್ಚು. ಎಲ್ಲರ ಮನೆಗೂ ಅಂದ ಬರಲೆಂದು ಹೊರಟವನ ಪರದೆಗಳು ಶ್ರೀಮಂತರ ಕಿಟಕಿಯಲ್ಲಿ ತೂಗಿದವು. 1883ರಲ್ಲಿ ಆತನು ಸಮಾಜವಾದಿಗಳ ಸಂಘ ಸೇರಿ ಬೀದಿಯಲ್ಲಿ ನಿಂತು ಭಾಷಣ ಮಾಡತೊಡಗಿದ್ದಕ್ಕೆ ಇದೂ ಒಂದು ಕಾರಣ. ಅದಕ್ಕೆ ಮೂರು ವರ್ಷ ಮೊದಲು, ಬರ್ಮಿಂಗ್‌ಹ್ಯಾಮಿನ ಉಪನ್ಯಾಸದಲ್ಲಿ, ಕೂಡುವ ಕೋಣೆಗೆ ಬೇಕಾದುದನ್ನು ಪಟ್ಟಿಮಾಡಿದ್ದನು: ತುಂಬ ಪುಸ್ತಕಗಳು, ಅಲುಗದ ಮೇಜು, ಎತ್ತಿಡಬಹುದಾದ ಕುರ್ಚಿಗಳು, ಒಂದು ಬೆಂಚು, ಒಂದು ಕಪಾಟು, ಹೂವು. ನೆಲಕ್ಕೆ ರತ್ನಗಂಬಳಿ ಹಾಸುವುದಾದರೆ ಎರಡೇ ನಿಮಿಷದಲ್ಲಿ ಸುತ್ತಿ ಹೊರಗೆ ಒಯ್ಯುವಂತಿರಬೇಕು. ಇದನ್ನು ಓದಿದಾಗ ನಮಗೆ ಕಣ್ಣಿಗೆ ಕಟ್ಟಿದ್ದು ನವಲಗುಂದದ ಜಮಖಾನ. ಅದನ್ನು ಟ್ರಂಕಿನಲ್ಲಿ ತಂದು ಅಟ್ಟದ ಮೇಲೆ ಇಟ್ಟವರು ನಮ್ಮಲ್ಲಿ ಎಷ್ಟು ಮಂದಿ!

1896ರ ಅಕ್ಟೋಬರ್ 3ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್ತಿನಲ್ಲಿ ಮಾರಿಸನು ತೀರಿಕೊಂಡನು. ಆತನಿಗೆ ಪ್ರಿಯವಾಗಿದ್ದ ಕೆಲ್ಮ್‌ಸ್ಕಾಟ್ ಹಳ್ಳಿಯ ಮಣ್ಣಿಗೆ ದೇಹವನ್ನು ಒಯ್ದದ್ದು ಹೊಲದ ಗಾಡಿಯಲ್ಲಿ. ಅದನ್ನು ಬಳ್ಳಿಗಳಿಂದಲೂ ವಿಲ್ಲೋ ಮರದ ಟೊಂಗೆಗಳಿಂದಲೂ ಸಿಂಗರಿಸಿದ್ದರು.