ಹೂಜಿಗಿಡಕ್ಕೆ ಉಣಿಸಿ ನೋಡಿದ ಹುಕರ್

ಮಕ್ಕಳೇ, ದನಕರುಗಳು ಗಿಡ ತಿನ್ನುವುದನ್ನು ನೀವು ದಿನವೂ ನೋಡುತ್ತೀರಿ. ಗಿಡವೇ ಹುಳುವನ್ನು ತಿನ್ನುತ್ತದೆ ಎಂದರೆ ನಂಬುವಿರಾ? ಇದನ್ನು ಪ್ರಯೋಗದಿಂದ ಪರೀಕ್ಷಿಸಿದ ವಿಜ್ಞಾನಿ ಜೋಸೆಫ್ ಡಾಲ್ಟನ್ ಹುಕರ್.

ಹುಕರ್ 1817ರಲ್ಲಿ ಇಂಗ್ಲೆಂಡಿನ ಹೇಲ್ಸ್‌ವರ್ತ್ ಎಂಬಲ್ಲಿ ಜನಿಸಿದರು. ತಂದೆ ಸಸ್ಯವಿಜ್ಞಾನಿ. ಏಳನೆಯ ವಯಸ್ಸಿನಲ್ಲೇ ಹುಕರ್ ತಂದೆಯ ಉಪನ್ಯಾಸಗಳಿಗೆ ಹೋಗಿ ಕೂರುತ್ತಿದ್ದರು. ವೈದ್ಯ ಪದವಿ ಪಡೆದು, 1839ರಲ್ಲಿ ಅಂಟಾರ್ಕ್ಟಿಕ ಯಾತ್ರೆಯ ಹಡಗು ಹತ್ತಿದರು. 1848ರಲ್ಲಿ ಭಾರತಕ್ಕೆ ಬಂದು ಹಿಮಾಲಯದಲ್ಲಿ ಗಿಡಗಳನ್ನು ಹುಡುಕುತ್ತಾ ಅಲೆದರು. 1850ರಲ್ಲಿ ಇಂದಿನ ಮೇಘಾಲಯದ ಖಾಸಿ ಬೆಟ್ಟಗಳಿಗೆ ಹೋದರು. ಭಾರತದ ಏಕೈಕ ನೆಪೆಂಥಿಸ್ ಹೂಜಿಗಿಡದ ತವರು ಮೇಘಾಲಯ. 1873ರಲ್ಲಿ ಅದಕ್ಕೆ ನೆಪೆಂಥಿಸ್ ಖಾಸಿಯಾನ ಎಂದು ಹೆಸರಿಟ್ಟವರೂ ಹುಕರ್ ಅವರೇ.

ಹೂಜಿಗಿಡ ಬೆಳೆಯುವ ಮಣ್ಣಿನಲ್ಲಿ ಸಾರಜನಕ ಬಹಳ ಕಡಿಮೆ. ಆ ಕೊರತೆ ನೀಗಿಸುವುದು ಎಲೆಯ ತುದಿಯ ಹೂಜಿ. ಮಕರಂದದ ಆಸೆಗೆ ಬಂದ ಕೀಟ ಅದರ ಜಾರುವ ಅಂಚಿನಿಂದ ಒಳಗಿನ ರಸಕ್ಕೆ ಬೀಳುತ್ತದೆ. ಆಮೇಲೆ? ಕೀಟ ಸುಮ್ಮನೆ ಕೊಳೆಯುತ್ತದೆಯೋ, ಗಿಡವೇ ಜೀರ್ಣಿಸಿಕೊಳ್ಳುತ್ತದೆಯೋ?

1865ರಲ್ಲಿ ಹುಕರ್ ಲಂಡನ್ ಬಳಿಯ ಕ್ಯೂ ಸಸ್ಯೋದ್ಯಾನದ ನಿರ್ದೇಶಕರಾದರು. ಚಳಿನಾಡಿನಲ್ಲಿ ಹೂಜಿಗಿಡ ಬದುಕಬೇಕಾದರೆ ಗಾಜಿನ ಮನೆಯೊಳಗೆ ಬೆಚ್ಚನೆಯ, ತೇವದ ಗಾಳಿ ಬೇಕು. ಬೇಯಿಸಿದ ಮೊಟ್ಟೆಯ ಬಿಳಿಭಾಗ ಮತ್ತು ಮಾಂಸದ ಚೂರುಗಳನ್ನು ಹುಕರ್ ಹೂಜಿಗಳಿಗೆ ಹಾಕಿದರು. ಒಂದು ದಿನದೊಳಗೆ ಮೊಟ್ಟೆಯ ಚೂರಿನ ಅಂಚುಗಳು ಕರಗತೊಡಗಿದವು! ಅದೇ ರಸವನ್ನು ಗಾಜಿನ ನಳಿಕೆಗೆ ತೆಗೆದು ಪರೀಕ್ಷಿಸಿದಾಗ ಚೂರುಗಳು ಹೆಚ್ಚು ಕರಗಲಿಲ್ಲ. ಇದರಿಂದ ಹುಕರ್ ಏನು ತಿಳಿದರು ಗೊತ್ತೇ? ಆಹಾರ ಬಿದ್ದ ಮೇಲೆ ಗಿಡ ಇನ್ನಷ್ಟು ಜೀರ್ಣರಸ ಸುರಿಸುತ್ತಿರಬೇಕು! 1874ರಲ್ಲಿ ಬೆಲ್‌ಫಾಸ್ಟ್‌ನ ವಿಜ್ಞಾನ ಸಮ್ಮೇಳನದಲ್ಲಿ ಈ ವಿಷಯವನ್ನು ಮಂಡಿಸಿದರು. ಮರುವರ್ಷ ಅವರ ಗೆಳೆಯ ಚಾರ್ಲ್ಸ್ ಡಾರ್ವಿನ್ ಕೀಟಾಹಾರಿ ಸಸ್ಯಗಳ ಬಗ್ಗೆ ಒಂದು ಪುಸ್ತಕವನ್ನೇ ಪ್ರಕಟಿಸಿದರು.

ಏಳು ಸಂಪುಟಗಳಲ್ಲಿ ಭಾರತದ ಸಸ್ಯಗಳನ್ನು ದಾಖಲಿಸಿದ ಹುಕರ್ 1911ರಲ್ಲಿ, 94ನೆಯ ವಯಸ್ಸಿನಲ್ಲಿ ನಿಧನರಾದರು.

ಇಂಥ ದೊಡ್ಡ ವಿಜ್ಞಾನಿಯಿಂದಲೂ ಒಂದು ನಷ್ಟವಾಗಿತ್ತು. ಖಾಸಿ ಬೆಟ್ಟಗಳಿಂದ ಅವರು ಏಳು ಆಳು ಹೊರುವಷ್ಟು ನೀಲಿ ಆರ್ಕಿಡ್ ಗಿಡಗಳನ್ನು ಕಿತ್ತು ಸಂಗ್ರಹಿಸಿದ್ದರು. ಇಂಗ್ಲೆಂಡಿಗೆ ಜೀವಂತ ತಲುಪಿದವು ಕೆಲವೇ! ಕಾಡಿನಿಂದ ಕೀಳುವುದು ಮತ್ತು ನೆಲೆ ನಾಶವಾಗುವುದು, ಈ ಎರಡು ಕಾರಣಗಳಿಂದ ಇಂದು ಖಾಸಿಯ ಹೂಜಿಗಿಡವೂ ಅಳಿವಿನಂಚಿನಲ್ಲಿದೆ.

ಹೂಜಿಗಿಡ ನಮ್ಮ ಕರ್ನಾಟಕದ ಕಾಡುಗಳಲ್ಲಿಲ್ಲ. ಆದರೆ ಕೀಟ ಹಿಡಿಯುವ ಡ್ರಾಸೆರಾ ಎಂಬ ಪುಟ್ಟ ಗಿಡ ಪಶ್ಚಿಮ ಘಟ್ಟದ ತೇವದ ನೆಲದಲ್ಲಿದೆ. ಅದರ ಎಲೆಯ ಕೂದಲುಗಳ ತುದಿಯಲ್ಲಿ ಇಬ್ಬನಿಯಂಥ ಅಂಟಿನ ಹನಿಗಳಿರುತ್ತವೆ. ಕಂಡರೆ ಪಕ್ಕದಲ್ಲಿ ಕುಳಿತು ನೋಡಿ, ಚಿತ್ರ ಬರೆಯಿರಿ. ಕೀಳಬೇಡಿ!